ರಾಬರ್ಟ್ ಫ್ಲಾಹರ್ಟಿ: ಕಸುಬಿನ ಕೈಗಳ ಚಿತ್ರಕಾರ

ಹಳೆಯ ಕಾಲದ ಮಡಕೆಗಳನ್ನು ನಾವು ವಸ್ತುಸಂಗ್ರಹಾಲಯಗಳಲ್ಲಿ ನೋಡುತ್ತೇವೆ. ಆದರೆ ಆ ಮಡಕೆಯನ್ನು ತಿಗರಿಯ ಮೇಲೆ ಎತ್ತಿದ ಕುಂಬಾರನ ಕೈ ಹೇಗೆ ಆಡಿತು, ಹೆಬ್ಬೆರಳು ಮಣ್ಣಿನೊಳಗೆ ಎಷ್ಟು ಇಳಿಯಿತು, ಎಲ್ಲಿ ತಡೆದು ಎಲ್ಲಿ ಸಡಿಲಿಸಿತು ಎಂಬುದನ್ನು ಯಾವ ಸಂಗ್ರಹಾಲಯವೂ ತೋರಿಸಲಾರದು. ವಸ್ತು ಉಳಿಯುತ್ತದೆ, ಅದನ್ನು ಮಾಡಿದ ಚಲನೆ ಮಾಡಿದವನೊಡನೆಯೇ ಹೋಗುತ್ತದೆ. ಚಲಚ್ಚಿತ್ರವೆಂಬ ಹೊಸ ಕಲೆ ಹುಟ್ಟಿದಾಗ, ಈ ಚಲನೆಯನ್ನು ಹಿಡಿದಿಡುವುದೇ ಅದರ ನಿಜವಾದ ಕೆಲಸವೆಂದು ಮೊಟ್ಟಮೊದಲು ಮನಗಂಡವರಲ್ಲಿ ರಾಬರ್ಟ್ ಜೋಸೆಫ್ ಫ್ಲಾಹರ್ಟಿ ಒಬ್ಬನು. ಸಾಕ್ಷ್ಯಚಿತ್ರದ ಪಿತಾಮಹನೆಂದು ಆತನನ್ನು ಕರೆಯುವುದುಂಟು. ನಮ್ಮ ಮೈಸೂರಿಗೂ ಬಂದು, ನಮ್ಮ ಕಾಡು ಮತ್ತು ಆನೆಗಳ ನಡುವೆ ತಿಂಗಳುಗಟ್ಟಲೆ ದುಡಿದ ಈತನ ಹೆಸರು ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚು ಮಂದಿಗೆ ತಿಳಿಯದು. ಆದ್ದರಿಂದ ಆತನ ಬಾಳಿನ ಕಥೆಯನ್ನು, ಅದರ ಬೆಳಕು ನೆರಳುಗಳೆರಡನ್ನೂ ಸೇರಿಸಿ, ಇಲ್ಲಿ ಹೇಳಲು ಯತ್ನಿಸುತ್ತೇನೆ.

ಫ್ಲಾಹರ್ಟಿ ಹುಟ್ಟಿದ್ದು 1884ರ ಫೆಬ್ರವರಿ 16ರಂದು, ಅಮೆರಿಕದ ಮಿಷಿಗನ್ ಸಂಸ್ಥಾನದ ಐರನ್ ಮೌಂಟನ್ ಎಂಬ ಗಣಿಯೂರಿನಲ್ಲಿ. ಊರಿನ ಹೆಸರೇ ಕಬ್ಬಿಣದ ಬೆಟ್ಟ. ತಂದೆ ಐರಿಷ್ ಮೂಲದವನು, ಗಣಿಗಾರಿಕೆಯಲ್ಲಿ ಬದುಕು ಸವೆಸಿದವನು. ತಾಯಿ ಜರ್ಮನ್ ಮೂಲದವಳು. ಏಳು ಮಕ್ಕಳಲ್ಲಿ ಈತನೇ ಹಿರಿಯ. ತಂದೆ ಅದಿರನ್ನು ಹುಡುಕುತ್ತ ಕೆನಡಾದ ಕಾಡುಗಳಿಗೆ ಹೋದಾಗ ಮಗನನ್ನೂ ಜೊತೆಗೆ ಕರೆದೊಯ್ದನು. ಗಣಿಯ ಬಿಡಾರಗಳಲ್ಲಿ, ಮೂಲನಿವಾಸಿಗಳ ಮತ್ತು ಗಣಿಕಾರ್ಮಿಕರ ನಡುವೆ ಬೆಳೆದ ಹುಡುಗನಿಗೆ ಶಾಲೆಯ ಪಾಠಕ್ಕಿಂತ ದೋಣಿ ನಡೆಸುವುದು, ಹಿಮದ ಮೇಲೆ ದಾರಿ ಹಿಡಿಯುವುದು, ಬೆಂಕಿ ಹೊತ್ತಿಸುವುದು ಮೊದಲಾದ ವಿದ್ಯೆಗಳೇ ಚೆನ್ನಾಗಿ ಹತ್ತಿದವು. ಟೊರಾಂಟೊದ ಅಪ್ಪರ್ ಕೆನಡಾ ಕಾಲೇಜಿನಲ್ಲಿ ಕೆಲವು ಕಾಲ ಓದಿ, ಆಮೇಲೆ ಮಿಷಿಗನ್ನಿನ ಗಣಿಗಾರಿಕೆಯ ಕಾಲೇಜಿಗೆ ಸೇರಿದರೂ ಅಲ್ಲಿ ಪದವಿಯವರೆಗೆ ನಿಲ್ಲಲಿಲ್ಲ. ಆದರೆ ಅಲ್ಲಿದ್ದಾಗ ಫ್ರಾನ್ಸಿಸ್ ಹಬರ್ಡ್ ಎಂಬ ವಿದ್ಯಾವಂತ ತರುಣಿಯ ಪರಿಚಯವಾಯಿತು. ಆಕೆಯ ತಂದೆ ಹೆಸರಾಂತ ಭೂವಿಜ್ಞಾನಿ. 1914ರಲ್ಲಿ ಅವರ ಮದುವೆ ನಡೆಯಿತು. ಮುಂದೆ ಗಂಡನ ಬಹುತೇಕ ಎಲ್ಲ ಚಿತ್ರಗಳಲ್ಲೂ ಈಕೆಯ ಕೈ ಇತ್ತು. ಫ್ಲಾಹರ್ಟಿ ಚೆನ್ನಾಗಿ ಪಿಟೀಲು ಬಾರಿಸುತ್ತಿದ್ದನು. ದೂರದ ಪ್ರಯಾಣಗಳಲ್ಲೂ ಪಿಟೀಲು ಆತನ ಸಂಗಾತಿಯಾಗಿತ್ತು.

1910ರಲ್ಲಿ ರೈಲುಮಾರ್ಗಗಳ ನಿರ್ಮಾಪಕನಾದ ಸರ್ ವಿಲಿಯಂ ಮೆಕೆಂಜಿ ಎಂಬ ಕೆನಡಾದ ಧನಿಕನು ಹಡ್ಸನ್ ಕೊಲ್ಲಿಯ ಪೂರ್ವತೀರದಲ್ಲಿ ಕಬ್ಬಿಣದ ಅದಿರು ಇದೆಯೇ ಎಂದು ನೋಡಿ ಬರಲು ಫ್ಲಾಹರ್ಟಿಯನ್ನು ಕಳುಹಿಸಿದನು. ನಾಯಿಗಳು ಎಳೆಯುವ ಜಾರುಬಂಡಿಯಲ್ಲಿ, ಸಣ್ಣ ಹಡಗಿನಲ್ಲಿ, ಕಾಲ್ನಡಿಗೆಯಲ್ಲಿ ಆತ ಆರು ವರ್ಷಗಳ ಅವಧಿಯಲ್ಲಿ ಮತ್ತೆ ಮತ್ತೆ ಆ ಹಿಮದ ಸೀಮೆಗೆ ಹೋದನು. ದೊರೆತ ಅದಿರು ಅಗೆದು ತೆಗೆಯಲು ಯೋಗ್ಯವಾದುದಾಗಿರಲಿಲ್ಲ. ಆದರೆ ಭೂಪಟದಲ್ಲಿ ಬರಿಯ ಚುಕ್ಕೆಗಳಾಗಿದ್ದ ಬೆಲ್ಚರ್ ದ್ವೀಪಗಳು ನಿಜವಾಗಿ ಎಷ್ಟು ದೊಡ್ಡವೆಂಬುದು ಆತನಿಂದ ತಿಳಿದುಬಂದಿತು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ದ್ವೀಪಕ್ಕೆ ಇಂದಿಗೂ ಫ್ಲಾಹರ್ಟಿ ದ್ವೀಪವೆಂದೇ ಹೆಸರು. ಆ ದ್ವೀಪಗಳಿರುವ ವಿಷಯ ಆತನಿಗೆ ತಿಳಿದದ್ದೂ, ಅಲ್ಲಿಗೆ ಹೋಗುವ ದಾರಿ ಗೊತ್ತಾದದ್ದೂ ಆ ನೆಲದವರಾದ ಇನುಯಿಟ್ ಜನರಿಂದ. ಹೊರಗಿನವರು ಆಗ ಅವರನ್ನು ಎಸ್ಕಿಮೋ ಎಂದು ಕರೆಯುತ್ತಿದ್ದರು. ಅದಿರು ಹುಡುಕಲು ಹೋದವನ ಕಣ್ಣು ಮೆಲ್ಲಮೆಲ್ಲನೆ ಆ ಜನರ ಕಡೆಗೆ ತಿರುಗಿತು.

1913ರ ಪ್ರಯಾಣಕ್ಕೆ ಹೊರಡುವಾಗ ಮೆಕೆಂಜಿಯ ಸಲಹೆಯಂತೆ ಆತ ಒಂದು ಚಲಚ್ಚಿತ್ರ ಕ್ಯಾಮೆರಾವನ್ನು ಕೊಂಡನು. ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರಿನಲ್ಲಿ ಮೂರೇ ವಾರಗಳ ಶಿಕ್ಷಣ. ಆತ ಚಿತ್ರಗ್ರಹಣವನ್ನು ಶಾಸ್ತ್ರೀಯವಾಗಿ ಕಲಿತದ್ದು ಅಷ್ಟೇ. ಅದೇ ಕಾಲದಲ್ಲಿ ಆತ ಇನುಯಿಟ್ ಕಲೆಗಾರನೊಬ್ಬನಿಗೆ ಕಾಗದ ಪೆನ್ಸಿಲ್ ಕೊಟ್ಟು ಬರೆಯಿಸಿದ ಚಿತ್ರಗಳ ಒಂದು ಸಣ್ಣ ಸಂಪುಟವೂ 1915ರಲ್ಲಿ ಪ್ರಕಟವಾಯಿತು. ಎನೂಸ್ವೀಟೋಕ್ ಎಂಬ ಆ ಕಲೆಗಾರನ ಹೆಸರನ್ನೇ ಸಂಪುಟಕ್ಕೆ ಕೊಟ್ಟದ್ದು ಗಮನಿಸಬೇಕಾದ ಸಂಗತಿ. ಆ ದಿನಗಳಲ್ಲಿ ಇಂಥ ಜನರ ಕಲೆಗೆ ಹೆಸರು ಹಚ್ಚುವ ವಾಡಿಕೆ ಬಲು ಅಪರೂಪ.

1916ರಲ್ಲಿ ಟೊರಾಂಟೊದಲ್ಲಿ ಕುಳಿತು ಚಿತ್ರವನ್ನು ಜೋಡಿಸುತ್ತಿದ್ದಾಗ ಆತನ ಕೈಯ ಸಿಗರೇಟಿನ ಕಿಡಿ ತಗುಲಿ ಸುಮಾರು 30,000 ಅಡಿಗಳ ನೆಗೆಟಿವ್ ಸುಟ್ಟು ಬೂದಿಯಾಯಿತು. ಆ ಕಾಲದ ಫಿಲ್ಮು ನೈಟ್ರೇಟಿನದು, ಮದ್ದಿನಂತೆ ಉರಿಯುವಂಥದು. ಆತನಿಗೂ ಸುಟ್ಟಗಾಯಗಳಾದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ನಮ್ಮ ಗಾದೆ ಎಲ್ಲ ದೇಶಕ್ಕೂ ಸಲ್ಲುತ್ತದೆ. ಒಂದು ಪ್ರತಿ ಮಾತ್ರ ಹೇಗೋ ಉಳಿದಿತ್ತು. ಅದನ್ನು ಗೆಳೆಯರಿಗೆ ತೋರಿಸಿ ನೋಡಿದಾಗ ಫ್ಲಾಹರ್ಟಿಗೆ ಹೊಳೆದದ್ದು ಬೇರೆಯೇ ಸತ್ಯ. ಚಿತ್ರದಲ್ಲಿ ಇಲ್ಲೊಂದು ದೃಶ್ಯ, ಅಲ್ಲೊಂದು ದೃಶ್ಯ. ನೋಡಿದವರಿಗೆ ಆತನ ಪ್ರಯಾಣ ಕಂಡಿತೇ ಹೊರತು ಆ ಜನ ಕಾಣಲಿಲ್ಲ. ಒಬ್ಬ ಮನುಷ್ಯನನ್ನು, ಒಂದು ಸಂಸಾರವನ್ನು ಹಿಡಿದು ಅವರ ಬಾಳನ್ನೇ ಕಥೆಯಾಗಿ ಹೇಳಬೇಕೆಂದು ಆತ ನಿಶ್ಚಯಿಸಿದನು. ಸಾಕ್ಷ್ಯಚಿತ್ರವೆಂಬ ಪ್ರಕಾರ ಹುಟ್ಟಿದ್ದು ಈ ನಿಶ್ಚಯದಿಂದಲೇ ಎನ್ನಬಹುದು.

ಹಣಕ್ಕಾಗಿ ನಾಲ್ಕು ವರ್ಷ ಕಾಯಬೇಕಾಯಿತು. ಕೊನೆಗೆ ತುಪ್ಪುಳುದೊಗಲಿನ ವ್ಯಾಪಾರ ಮಾಡುತ್ತಿದ್ದ ರೆವಿಯೋಂ ಫ್ರೇರ್ ಎಂಬ ಫ್ರೆಂಚ್ ಸಂಸ್ಥೆ ಹಣ ಕೊಡಲು ಒಪ್ಪಿತು. 1920ರ ಆಗಸ್ಟಿನಲ್ಲಿ ಫ್ಲಾಹರ್ಟಿ ಹಡ್ಸನ್ ಕೊಲ್ಲಿಯ ಪೋರ್ಟ್ ಹ್ಯಾರಿಸನ್ ಎಂಬ ವ್ಯಾಪಾರದ ಠಾಣೆಗೆ ಹೋಗಿ ಇಳಿದನು. ಇಂದು ಆ ಊರಿಗೆ ಇನುಕ್ಜುವಾಕ್ ಎಂದು ಹೆಸರು. ಅಲ್ಲಿ ಆತ ಸುಮಾರು ಒಂದು ವರ್ಷ ಇದ್ದನು. ಕ್ಯಾಮೆರಾ ಮಾತ್ರವಲ್ಲ, ಫಿಲ್ಮನ್ನು ತೊಳೆದು ಪ್ರತಿ ತೆಗೆಯುವ ಸಾಧನ, ತೆರೆಯ ಮೇಲೆ ತೋರಿಸುವ ಯಂತ್ರ ಎಲ್ಲವನ್ನೂ ಹೊತ್ತೊಯ್ದಿದ್ದನು. ಹೋದ ಜಾಗದಲ್ಲೇ ತೊಳೆದು, ತೆಗೆಸಿಕೊಂಡವರಿಗೇ ಮೊದಲು ತೋರಿಸಬೇಕೆಂಬುದು ಆತನ ಸಂಕಲ್ಪ.

ಈ ಕೆಲಸದ ಕಷ್ಟವನ್ನು ಸ್ವಲ್ಪ ವಿವರವಾಗಿ ಹೇಳುವುದು ಒಳ್ಳೆಯದು. ವಿದ್ಯುತ್ತಿಗಾಗಿ ಒಯ್ದಿದ್ದ ಸಣ್ಣ ಯಂತ್ರದ ಬೆಳಕು ಏರುಪೇರಾಗುತ್ತಿತ್ತು. ಆದುದರಿಂದ ಫಿಲ್ಮಿನ ಒಂದು ಚೌಕದಷ್ಟೇ ಬೆಳಕು ಬರುವಂತೆ ಕಿಟಕಿಯಲ್ಲಿ ಕಂಡಿಯನ್ನು ಬಿಟ್ಟು, ಸೂರ್ಯನ ಬೆಳಕಿನಲ್ಲೇ ಪ್ರತಿ ತೆಗೆಯುತ್ತಿದ್ದನು. ಬೆಳಕು ಹೆಚ್ಚಾದರೆ ಕಂಡಿಯ ಮುಂದೆ ಇನ್ನೊಂದು ತುಂಡು ಮಸ್ಲಿನ್ ಬಟ್ಟೆ, ಕಡಮೆಯಾದರೆ ಒಂದು ತುಂಡು ತೆಗೆ. ತೊಳೆಯಲು ನೀರು ಬೇಕು. ನೀರೋ ಆರಡಿ ದಪ್ಪದ ಮಂಜುಗಡ್ಡೆಯ ಕೆಳಗೆ. ಚಳಿಗಾಲವೆಲ್ಲ ಆ ಮಂಜಿನಲ್ಲಿ ಕೊರೆದ ತೂತು ಮುಚ್ಚಿಹೋಗದಂತೆ ಕಾದು, ಪೀಪಾಯಿಗಳಲ್ಲಿ ನೀರು ತುಂಬಿ ನಾಯಿಬಂಡಿಯಲ್ಲಿ ಎಳೆದು ತರುತ್ತಿದ್ದರು. ತರುವವರ ಚರ್ಮದ ಉಡುಪಿನಿಂದ ಉದುರಿದ ಜಿಂಕೆಯ ಕೂದಲು ನೀರಿಗೆ ಬಿದ್ದರೆ ಅದನ್ನು ಆರಿಸಿ ತೆಗೆಯುವುದು ಮತ್ತೊಂದು ಕೆಲಸ. ಫಿಲ್ಮು ಒಣಗಿಸುವ ಚೌಕಟ್ಟಿಗೆ ಮರ ಸಾಲದೆ ಬಂದಾಗ, ಮಂಜು ಕರಗಿ ಕಡಲು ದಡಕ್ಕೆ ತಂದೊಗೆಯುವ ಮರದ ತುಂಡುಗಳಿಗಾಗಿ ಕಾಯಬೇಕಾಯಿತು. ಇದನ್ನೆಲ್ಲ ಆತ ಒಬ್ಬನೇ ಮಾಡಲಿಲ್ಲ. ಇನುಯಿಟ್ ಸಂಗಾತಿಗಳು ಕ್ಯಾಮೆರಾ ಬಿಚ್ಚಿ ಜೋಡಿಸುವುದನ್ನು ಕಲಿತರು, ಫಿಲ್ಮು ತೊಳೆದರು, ಮುಂದೆ ಯಾವ ದೃಶ್ಯ ತೆಗೆಯಬೇಕೆಂದು ಸೂಚಿಸಿದರು. ಆ ಚಿತ್ರ ಅವರದೂ ಹೌದು.

ವಾಲ್ರಸ್ ಎಂಬ ಕೋರೆಹಲ್ಲಿನ ದೊಡ್ಡ ಕಡಲಪ್ರಾಣಿಯ ಬೇಟೆಯನ್ನು ತೆಗೆದು, ತೊಳೆದು, ಠಾಣೆಯ ಮನೆಯಲ್ಲಿ ತೋರಿಸಿದಾಗ ನೋಡಲು ಬಂದವರು ತೆರೆಯ ಮೇಲಿನದು ಚಿತ್ರವೆಂಬುದನ್ನು ಮರೆತು, ಪ್ರಾಣಿಯನ್ನು ಬಿಡಬೇಡಿರೆಂದು ಬೇಟೆಗಾರರಿಗೆ ಕೂಗಿ ಹೇಳಿದರಂತೆ. ಅಂದಿನಿಂದ ಎಲ್ಲರೂ ಚಿತ್ರದ ಕೆಲಸಕ್ಕೆ ಮುಂದಾದರು. ನಾನೂಕ್ ಎಂಬ ಹೆಸರಿನಲ್ಲಿ ಕಾಣಿಸಿಕೊಂಡ ನಾಯಕನ ನಿಜವಾದ ಹೆಸರು ಅಲ್ಲಕಾರಿಯಲ್ಲಕ್. ಆತ ಹಿಮದ ಗಡ್ಡೆಗಳನ್ನು ದಂತದ ಚಾಕುವಿನಿಂದ ಕೊಯ್ದು, ಒಂದರ ಮೇಲೊಂದು ಬಾಗಿಸಿ ಇಟ್ಟು ಇಗ್ಲೂ ಮನೆಯನ್ನು ಕಟ್ಟುವ ದೃಶ್ಯವನ್ನು ನೋಡಿದವರು ಮರೆಯಲಾರರು. ಕೊನೆಗೆ ಒಂದು ತುಂಡು ತಿಳಿಮಂಜನ್ನು ಕಿಟಕಿಯಾಗಿ ಕೂರಿಸಿ, ಅದರ ಪಕ್ಕದಲ್ಲಿ ಹಿಮದ ಹಲಗೆಯನ್ನು ನಿಲ್ಲಿಸಿ ಬೆಳಕನ್ನು ಒಳಕ್ಕೆ ತಿರುಗಿಸುತ್ತಾನೆ. ಯಾವ ಶಿಲ್ಪಶಾಸ್ತ್ರದ ಗ್ರಂಥವನ್ನೂ ಓದದ ಕೈಯ ಜಾಣ್ಮೆ ಅದು.

1922ರ ಜೂನಿನಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡ ‘ನಾನೂಕ್ ಆಫ್ ದಿ ನಾರ್ತ್’ ಚಿತ್ರ ಲೋಕಪ್ರಸಿದ್ಧವಾಯಿತು. ಆದರೆ ಅದರಲ್ಲಿ ಕಂಡುದೆಲ್ಲ ಕಂಡಂತೆಯೇ ನಡೆದುದಲ್ಲ. ಇಗ್ಲೂವಿನ ಒಳಗೆ ಬೆಳಕು ಸಾಲದೆ, ಅರ್ಧ ಗೋಡೆಯನ್ನು ತೆರೆದುಬಿಟ್ಟ ಇಗ್ಲೂ ಕಟ್ಟಿ ಚಳಿಯಲ್ಲೇ ಆ ಸಂಸಾರವನ್ನು ಮಲಗಿಸಿ ಎಬ್ಬಿಸಿದರು. ಅಷ್ಟು ಹೊತ್ತಿಗಾಗಲೇ ಆ ಜನರ ಕೈಗೆ ಬಂದೂಕು ಬಂದಿದ್ದರೂ ಚಿತ್ರದಲ್ಲಿ ಈಟಿಯನ್ನೇ ಹಿಡಿಸಿದರು. ಗ್ರಾಮಫೋನನ್ನು ಕಂಡು ಬೆರಗಾಗಿ ತಟ್ಟೆಯನ್ನು ಕಚ್ಚಿ ನೋಡುವುದೂ ನಟನೆಯೇ. ಹೆಂಡತಿಯಾಗಿ ಕಾಣಿಸಿಕೊಂಡವಳು ಅವನ ಹೆಂಡತಿಯಲ್ಲ. ಚಿತ್ರ ಲೋಕವನ್ನೆಲ್ಲ ಸುತ್ತುತ್ತಿದ್ದ ಕಾಲದಲ್ಲೇ, ಅದನ್ನು ತೆಗೆದ ಸುಮಾರು ಎರಡು ವರ್ಷಗಳಲ್ಲಿ, ಅಲ್ಲಕಾರಿಯಲ್ಲಕ್ ತೀರಿಕೊಂಡನು. ಬೇಟೆ ಸಿಗದೆ ಹಸಿವಿನಿಂದ ಸತ್ತನೆಂದು ಫ್ಲಾಹರ್ಟಿ ಹೇಳಿದನು. ಕ್ಷಯರೋಗದಿಂದಿರಬೇಕೆಂದು ಮುಂದಿನ ಸಂಶೋಧಕರು ಹೇಳುತ್ತಾರೆ.

ನಾನೂಕನ ಯಶಸ್ಸಿನಿಂದ ಹಾಲಿವುಡ್ಡಿನ ಪ್ಯಾರಮೌಂಟ್ ಸಂಸ್ಥೆ ಫ್ಲಾಹರ್ಟಿಯನ್ನು ಕರೆಯಿತು. 1923ರಲ್ಲಿ ಆತ ಹೆಂಡತಿ ಮತ್ತು ಮೂವರು ಹೆಣ್ಣುಮಕ್ಕಳೊಡನೆ ಪೆಸಿಫಿಕ್ ಸಾಗರದ ಸಮೋವಾಕ್ಕೆ ಹೋಗಿ ಸವಾಯಿ ದ್ವೀಪದ ಸಫೂನೆ ಎಂಬ ಹಳ್ಳಿಯಲ್ಲಿ ನೆಲಸಿದನು. ಹಿಮದ ನಾಡಿನಂತೆ ಇಲ್ಲಿ ಹಸಿವು ಚಳಿಗಳೊಡನೆ ಹೋರಾಟವಿಲ್ಲ. ಹೋರಾಟವಿಲ್ಲದ ಬಾಳಿನಲ್ಲಿ ಕಥೆಯನ್ನು ಎಲ್ಲಿ ಹುಡುಕುವುದು? ತಿಂಗಳುಗಳು ಕಳೆದ ಮೇಲೆ ಅದು ಜನರ ಕೈಕೆಲಸದಲ್ಲೇ ಇದೆಯೆಂದು ಆತ ಕಂಡುಕೊಂಡನು. ತಾಯಿಯೊಬ್ಬಳು ಎಳೆಯ ಮರದ ತೊಗಟೆಯನ್ನು ಸುಲಿದು, ಬಡಿದು, ಅಗಲಿಸಿ, ಬಣ್ಣ ಹಚ್ಚಿ ಬಟ್ಟೆ ಮಾಡುವುದನ್ನು ಮೊದಲಿನಿಂದ ಕೊನೆಯವರೆಗೆ ಬಿಡದೆ ತೋರಿಸಿದನು. ಋಷಿಗಳು ನಾರುಮಡಿ ಉಡುತ್ತಿದ್ದರೆಂದು ಪುರಾಣಗಳಲ್ಲಿ ಕೇಳಿದ ನಮಗೆ ಅಂಥ ಬಟ್ಟೆ ಹುಟ್ಟುವ ಬಗೆಯನ್ನು ಈ ಚಿತ್ರ ಕಣ್ಣಾರೆ ಕಾಣಿಸುತ್ತದೆ. ತರುಣನೊಬ್ಬನಿಗೆ ಹಚ್ಚೆ ಹೊಯ್ಯುವ ದೃಶ್ಯವೂ ಹಾಗೆಯೇ. ಆ ಪದ್ಧತಿ ಆಗಲೇ ಕಡಮೆಯಾಗುತ್ತಿತ್ತು. ಚಿತ್ರಕ್ಕಾಗಿ ಆ ತರುಣನು ವಾರಗಟ್ಟಲೆ ನೋವನ್ನು ಸಹಿಸಿದನು. ನೋವು ಮಾತ್ರ ನಟನೆಯಾಗಿರಲಿಲ್ಲ. 1926ರಲ್ಲಿ ‘ಮೊವಾನಾ’ ತೆರೆಗೆ ಬಂದಾಗ ಜಾನ್ ಗ್ರಿಯರ್ಸನ್ ಎಂಬ ಸ್ಕಾಟ್ಲೆಂಡಿನ ತರುಣ ವಿಮರ್ಶಕನು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಬರೆಯುತ್ತ ಈ ಚಿತ್ರಕ್ಕೆ ಡಾಕ್ಯುಮೆಂಟರಿ ಮೌಲ್ಯವಿದೆಯೆಂದನು. ಆ ಮಾತು ಚಲಚ್ಚಿತ್ರಲೋಕದಲ್ಲಿ ನೆಲೆಯೂರಲು ಈ ಬರಹವೇ ಕಾರಣವೆಂದು ಹೇಳುತ್ತಾರೆ.

ಹಾಲಿವುಡ್ಡಿನೊಡನೆ ಆತನ ಸಂಬಂಧ ಬಹುಕಾಲ ಬಾಳಲಿಲ್ಲ. ಅಲ್ಲಿಯವರಿಗೆ ಬೇಕಾದುದು ಬೇಗ ಮುಗಿಯುವ ಕಥೆ; ಈತನಿಗೆ ಬೇಕಾದುದು ಕಾಲ. ಆ ನಡುವೆ 1925ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕಾಗಿ ಕುಂಬಾರಿಕೆಯನ್ನು ಕುರಿತು ಒಂದು ಸಣ್ಣ ಚಿತ್ರವನ್ನು ಮಾಡಿದನು. 1931ರಲ್ಲಿ ಗ್ರಿಯರ್ಸನ್ ಆತನನ್ನು ಇಂಗ್ಲೆಂಡಿಗೆ ಕರೆಸಿ ಬ್ರಿಟನ್ನಿನ ಕೈಗಾರಿಕೆಗಳ ಚಿತ್ರ ತೆಗೆಯಲು ಹೇಳಿದನು. ಹೊಗೆಯುಗುಳುವ ಕಾರ್ಖಾನೆಗಳ ನಡುವೆಯೂ ಫ್ಲಾಹರ್ಟಿಯ ಕಣ್ಣಿಗೆ ಬಿದ್ದವರು ಕುಂಬಾರರು, ಗಾಜು ಊದುವವರು, ಉಕ್ಕಿನ ಕುಶಲಿಗಳು. ಕುಂಬಾರನ ಕೈ ಮೇಲೇಳುವ ಮೊದಲೇ ಈತನ ಕ್ಯಾಮೆರಾ ಮೇಲೇಳುತ್ತಿತ್ತೆಂದು, ಆ ಕಸುಬಿನ ನಡೆಯನ್ನು ಅಷ್ಟು ಚೆನ್ನಾಗಿ ತನ್ನದಾಗಿಸಿಕೊಂಡಿದ್ದನೆಂದು ಗ್ರಿಯರ್ಸನ್ ನೆನೆಯುತ್ತಿದ್ದನು. ಸಂಗೀತ ಬಲ್ಲ ಪಕ್ಕವಾದ್ಯದವನು ಹಾಡುಗಾರನ ಮುಂದಿನ ಸ್ವರವನ್ನು ಮೊದಲೇ ಊಹಿಸುವುದಿಲ್ಲವೆ? ಇದೂ ಹಾಗೆಯೇ. ಹಣವು ಬೇಗ ಕರಗಿ, ಚಿತ್ರವನ್ನು ಬೇರೆಯವರು ಜೋಡಿಸಿ ಮುಗಿಸಬೇಕಾಯಿತು. ‘ಇಂಡಸ್ಟ್ರಿಯಲ್ ಬ್ರಿಟನ್’ ಎಂಬ ಆ ಕಿರುಚಿತ್ರದ ಉತ್ತಮ ಭಾಗಗಳಲ್ಲಿ ಆತನ ನೋಟ ಇಂದಿಗೂ ಗುರುತಾಗುತ್ತದೆ.

ಅಲ್ಲಿಂದ ಆತ ಐರ್ಲೆಂಡಿನ ಪಶ್ಚಿಮದ ಆರನ್ ದ್ವೀಪಗಳಿಗೆ ಹೋದನು. ಬರಿಯ ಬಂಡೆಯ ಮೇಲೆ ಮರಳನ್ನೂ ಕಡಲಪಾಚಿಯನ್ನೂ ಹೊತ್ತು ಹರವಿ, ಆಲೂಗಡ್ಡೆ ಬೆಳೆಯಲು ಮಣ್ಣನ್ನೇ ಹುಟ್ಟಿಸಿಕೊಳ್ಳುವ ಜನ ಅವರು. 1934ರ ‘ಮ್ಯಾನ್ ಆಫ್ ಆರನ್’ ಚಿತ್ರಕ್ಕೆ ಅದೇ ವರ್ಷ ವೆನಿಸ್ ಉತ್ಸವದಲ್ಲಿ ಅತ್ಯುತ್ತಮ ವಿದೇಶೀ ಚಿತ್ರದ ಪ್ರಶಸ್ತಿ ಬಂದಿತು. ಇಲ್ಲೂ ಹಳೆಯ ಪ್ರಶ್ನೆ ಎದ್ದಿತು. ಚಿತ್ರದ ತಾಯಿ, ತಂದೆ, ಮಗ ಮೂವರೂ ಬೇರೆ ಬೇರೆ ಮನೆಗಳವರು. ಹಗ್ಗ ಕಟ್ಟಿದ ಈಟಿಯಿಂದ ದೊಡ್ಡ ಶಾರ್ಕ್ ಮೀನನ್ನು ಹಿಡಿಯುವ ಕಸುಬು ಅಲ್ಲಿ ನಿಂತುಹೋಗಿ ಎಷ್ಟೋ ಕಾಲವಾಗಿತ್ತು. ಅದನ್ನು ಆ ಜನರಿಗೆ ಹೊಸದಾಗಿ ಕಲಿಸಬೇಕಾಯಿತು. ಭೂಮಾಲಿಕರು, ಗುತ್ತಿಗೆ, ಬಡತನಗಳ ಮಾತೇ ಚಿತ್ರದಲ್ಲಿ ಇಲ್ಲವೆಂದು ಹಲವರು ದೂರಿದರು. ಎಲ್ಲಕ್ಕಿಂತ ಹೆಚ್ಚಾಗಿ, ಬಿರುಗಾಳಿಯ ಕಡಲಿಗೆ ಈಜು ಬಾರದ ಮೀನುಗಾರರನ್ನು ಹಗುರವಾದ ದೋಣಿಯಲ್ಲಿ ಇಳಿಸಿದ್ದು ಸಣ್ಣ ಮಾತಲ್ಲ. ಅವರನ್ನು ಅಂಥ ಅಪಾಯಕ್ಕೆ ಒಡ್ಡಿದ್ದಕ್ಕೆ ತಾನು ಕಠಿಣ ಶಿಕ್ಷೆಗೆ ಅರ್ಹನೆಂದು ಫ್ಲಾಹರ್ಟಿಯೇ ಮುಂದೆ ಒಪ್ಪಿಕೊಂಡನು.

ಈಗ ನಮ್ಮ ನಾಡಿನ ಮಾತಿಗೆ ಬರೋಣ. ಕಿಪ್ಲಿಂಗ್ ಬರೆದ ಆನೆ ಮತ್ತು ಮಾವುತನ ಮಗನ ಕಥೆಯನ್ನು ಚಿತ್ರವಾಗಿಸಲು ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ 1935ರಲ್ಲಿ ಫ್ಲಾಹರ್ಟಿಯನ್ನು ಮೈಸೂರು ಸಂಸ್ಥಾನಕ್ಕೆ ಕಳುಹಿಸಿದನು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ಮಹಾರಾಜರು ಆನೆಗಳನ್ನೂ ಬಿಡಾರಕ್ಕೆ ಮೈಸೂರಿನ ಚಿತ್ತರಂಜನ ಮಹಲನ್ನೂ ಒದಗಿಸಿದರು. ಚಿತ್ರಕ್ಕೆ ಹುಡುಗನೊಬ್ಬನನ್ನು ಹುಡುಕುತ್ತಿದ್ದಾಗ ಅರಮನೆಯ ಆನೆಲಾಯದಲ್ಲಿ ಸಿಕ್ಕವನು ಸಾಬು. ಕಾರಾಪುರದಲ್ಲಿ 1924ರಲ್ಲಿ ಮಾವುತನ ಮಗನಾಗಿ ಹುಟ್ಟಿ, ತಂದೆಯನ್ನು ಕಳೆದುಕೊಂಡು, ಲಾಯದ ಆಶ್ರಯದಲ್ಲೇ ಬೆಳೆಯುತ್ತಿದ್ದ ಬಾಲಕ. ಐರಾವತವೆಂಬ ಆನೆಯೊಡನೆ ಆತನಿಗಿದ್ದ ಸಲಿಗೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಫ್ರಾನ್ಸಿಸ್ ಆಗ ಮೈಸೂರಿನಿಂದ ತನ್ನ ಹೆಣ್ಣುಮಕ್ಕಳಿಗೆ ಬರೆದ ಪತ್ರಗಳು ಮುಂದೆ ‘ಎಲಿಫೆಂಟ್ ಡ್ಯಾನ್ಸ್’ ಎಂಬ ಪುಸ್ತಕವಾದವು.

ಹೆಗ್ಗಡದೇವನಕೋಟೆಯ ಕಡೆಯ ಕಾಡಂಚಿನವನಾದ ನನಗೆ ಈ ಚಿತ್ರದಲ್ಲಿ ಹೆಚ್ಚಿನ ಅಕ್ಕರೆ. ಕಾಕನಕೋಟೆಯ ಖೆಡ್ಡಾ ಎಂಬುದು ನಮ್ಮ ಮನೆಯ ಹಿರಿಯರ ಬಾಯಲ್ಲಿ ಕೇಳಿದ ಕಥೆ. ಕಾಡಾನೆಗಳ ಹಿಂಡನ್ನು ತಮಟೆ, ಕೂಗು, ಬೆಂಕಿಗಳಿಂದ ಬೆದರಿಸಿ, ಕಬಿನಿಯ ನೀರಿಗೆ ಇಳಿಸಿ, ದಿಮ್ಮಿಗಳ ಆವರಣದೊಳಕ್ಕೆ ಅಟ್ಟಿ, ಪಳಗಿದ ಆನೆಗಳಿಂದ ಸುತ್ತುವರಿದು ಕಾಲಿಗೆ ಹಗ್ಗ ಹಾಕುವುದು. ಅದರಲ್ಲಿ ಕಾಡುಕುರುಬರದೂ ಜೇನುಕುರುಬರದೂ ಮಾವುತರದೂ ಜೀವವನ್ನು ಪಣಕ್ಕಿಟ್ಟ ಕೆಲಸ. 1971ರಲ್ಲಿ ಕಡೆಯ ಖೆಡ್ಡಾ ನಡೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದು ಮತ್ತೆ ನಡೆಯಲಿಲ್ಲ. ಕಬಿನಿಗೆ ಅಣೆಕಟ್ಟು ಬಂದು ಆ ಕಾಡಿನ ಎಷ್ಟೋ ಭಾಗ ನೀರಿನಡಿ ಸೇರಿತು. ಪ್ರಾಣಿಗಳ ಸಂಕಟವನ್ನು ನೆನೆದರೆ ಅದು ನಿಂತದ್ದೇ ಸರಿಯೆಂದು ನನ್ನ ಅಭಿಪ್ರಾಯ. ಆದರೂ ಕೇಳಿದ ಕಥೆಯಾಗಿದ್ದ ಆ ನದಿ, ಆ ಹಿಂಡು, ಆನೆಯ ಬೆನ್ನ ಮೇಲೆ ಮೈಬಾಗಿಸಿ ಕಾಲಬೆರಳಿನಿಂದಲೇ ಮಾತಾಡುವ ಆ ಮಾವುತರನ್ನು ತೆರೆಯ ಮೇಲೆ ಕಂಡಾಗ ನಾನು ಬಹಳ ಹೊತ್ತು ಮೌನವಾಗಿ ಕುಳಿತೆ. ನನ್ನ ಹಿರಿಯರ ಕಾಲವನ್ನು ನನಗೆ ತೋರಿಸಿದವನು ಸಾವಿರಾರು ಮೈಲಿ ದೂರದಿಂದ ಬಂದ ಒಬ್ಬ ಪರದೇಶಿ! ಆ ಉಪಕಾರವನ್ನು ನೆನೆದು ಹಿಗ್ಗುತ್ತಿರುವಾಗಲೇ ಇನ್ನೊಂದು ಯೋಚನೆ ಬಂತು. ಸಾಬುವಿನ ಹೆಸರು ಜಗತ್ತಿಗೆಲ್ಲ ತಿಳಿಯಿತು. ಆದರೆ ಆ ಮಾವುತರ, ಆ ಕುರುಬರ ಹೆಸರುಗಳೆಲ್ಲಿ?

ಆ ಚಿತ್ರವೂ ಕೊನೆಗೆ ಫ್ಲಾಹರ್ಟಿಯ ಕೈಯಲ್ಲಿ ಉಳಿಯಲಿಲ್ಲ. ಕಾಲ ಮಿತಿಮೀರಿತೆಂದು ಕೋರ್ಡಾ ಎಲ್ಲರನ್ನೂ ಇಂಗ್ಲೆಂಡಿಗೆ ಕರೆಸಿಕೊಂಡು, ತನ್ನ ತಮ್ಮ ಝೋಲ್ಟಾನನಿಂದ ಡೆನ್‌ಹ್ಯಾಮಿನ ಸ್ಟುಡಿಯೋದಲ್ಲಿ ಕಥೆಯ ಭಾಗಗಳನ್ನು ತೆಗೆಸಿದನು. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಗೆ ಬಂದಿತು. ವೆನಿಸಿನಲ್ಲಿ ನಿರ್ದೇಶನದ ಪ್ರಶಸ್ತಿಯನ್ನು ಇಬ್ಬರಿಗೂ ಸೇರಿಸಿ ಕೊಟ್ಟರು. ಮೈಸೂರಿನಲ್ಲಿ ತೆಗೆದ ಭಾಗ ಯಾವುದು, ಸ್ಟುಡಿಯೋದಲ್ಲಿ ತೆಗೆದದ್ದು ಯಾವುದು ಎಂಬುದು ನೋಡುವವರ ಕಣ್ಣಿಗೆ ಹಾಲು ನೀರುಗಳಂತೆ ಬೇರೆಯಾಗಿ ತೋರುತ್ತದೆ. ಸಾಬು ಇಂಗ್ಲೆಂಡಿಗೂ ಅಲ್ಲಿಂದ ಅಮೆರಿಕಕ್ಕೂ ಹೋಗಿ ಹೆಸರಾಂತ ನಟನಾಗಿ, ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಮಾನದಳದಲ್ಲಿ ಹೋರಾಡಿ, 1963ರ ಡಿಸೆಂಬರಿನಲ್ಲಿ ತನ್ನ 39ನೆಯ ವಯಸ್ಸಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡನು.

ಅಮೆರಿಕಕ್ಕೆ ಹಿಂದಿರುಗಿದ ಫ್ಲಾಹರ್ಟಿ ಅಲ್ಲಿನ ಸರ್ಕಾರಕ್ಕಾಗಿ ‘ದಿ ಲ್ಯಾಂಡ್’ ಚಿತ್ರವನ್ನು 1942ರಲ್ಲಿ ಮುಗಿಸಿದನು. ಕೊಚ್ಚಿಹೋದ ಮಣ್ಣು, ನೆಲ ಬಿಟ್ಟು ಗುಳೆ ಹೊರಟ ರೈತರು, ಕೈಕೆಲಸವನ್ನು ಕಿತ್ತುಕೊಂಡ ಯಂತ್ರ. ಇವನ್ನು ಕಂಡ ಆತನ ಮನಸ್ಸಿನ ಕಳವಳ ಚಿತ್ರದಲ್ಲೆಲ್ಲ ತುಂಬಿದೆ. ಯುದ್ಧಕಾಲವಾದ್ದರಿಂದ ಅದನ್ನು ಹೆಚ್ಚಾಗಿ ಪ್ರದರ್ಶಿಸಲಿಲ್ಲ. ಕೊನೆಯ ದೊಡ್ಡ ಚಿತ್ರ 1948ರ ‘ಲೂಯಿಸಿಯಾನಾ ಸ್ಟೋರಿ’. ಕೊಳಗೇರೆಗಳ ನಡುವೆ ದೋಣಿಯಲ್ಲಿ ತಿರುಗುವ ಹುಡುಗನೊಬ್ಬನ ಊರಿಗೆ ಎಣ್ಣೆಬಾವಿ ತೋಡುವವರು ಬರುವ ಕಥೆ ಅದು. ಹಣ ಕೊಟ್ಟದ್ದು ಎಣ್ಣೆಯ ಕಂಪನಿಯೇ. ಯಂತ್ರವೂ ನೀರೂ ಹುಡುಗನೂ ಹೊಂದಿಕೊಂಡು ಬಾಳುವಂತೆ ಚಿತ್ರ ತೋರಿಸುವುದಕ್ಕೆ ಈ ಹಣವೇ ಕಾರಣವೆಂದು ಶಂಕಿಸುವವರಿದ್ದಾರೆ. ಅದರ ಸಂಗೀತದ ಮಾತು ಬೇರೆ. ವರ್ಜಿಲ್ ಥಾಮ್ಸನ್ ಎಂಬ ಸಂಗೀತಗಾರನು ಆ ಸೀಮೆಯ ಕೇಜನ್ ಜನರ ಜಾನಪದ ಮಟ್ಟುಗಳನ್ನು ತೆಗೆದುಕೊಂಡು ಹೆಣೆದ ಆ ಸಂಗೀತಕ್ಕೆ 1949ರಲ್ಲಿ ಪುಲಿಟ್ಜರ್ ಪಾರಿತೋಷಕ ದೊರೆಯಿತು. ಚಲಚ್ಚಿತ್ರ ಸಂಗೀತಕ್ಕೆ ಆ ಗೌರವ ಸಂದುದು ಅದೇ ಮೊದಲು. ಮರುವರ್ಷ, ಶಿಲ್ಪಿ ಮೈಕೆಲೇಂಜಲೋನನ್ನು ಕುರಿತು ಕರ್ಟ್ ಓರ್ಟೆಲ್ ಎಂಬಾತ ಮೊದಲೇ ತೆಗೆದಿದ್ದ ಚಿತ್ರವನ್ನು ಅಮೆರಿಕದ ಜನರ ಮುಂದಿಡಲು ಫ್ಲಾಹರ್ಟಿ ನೆರವಾದನು; ‘ದಿ ಟೈಟನ್’ ಎಂಬ ಆ ಚಿತ್ರಕ್ಕೆ ಆಸ್ಕರ್ ಬಂದಿತು.

1951ರ ಜುಲೈ 23ರಂದು, ವರ್ಮಾಂಟ್ ಸಂಸ್ಥಾನದ ಡಮರ್ಸ್ಟನ್ನಿನಲ್ಲಿ, 67ನೆಯ ವಯಸ್ಸಿನಲ್ಲಿ ಫ್ಲಾಹರ್ಟಿ ಕಣ್ಣುಮುಚ್ಚಿದನು. ಫ್ರಾನ್ಸಿಸ್ 1955ರಲ್ಲಿ ತಮ್ಮ ತೋಟದ ಮನೆಯಲ್ಲೇ ಚಿತ್ರಕಾರರ ಗೋಷ್ಠಿಯೊಂದನ್ನು ಆರಂಭಿಸಿದಳು. 1972ರಲ್ಲಿ ಆಕೆ ತೀರಿಕೊಂಡ ಮೇಲೂ ಅದು ನಡೆದುಕೊಂಡು ಬಂದಿದೆ. ಗಂಡನ ದಾರಿಯನ್ನು ವಿವರಿಸಲು ಆಕೆ ಇನುಯಿಟ್ ಕುಶಲಿಯ ಉದಾಹರಣೆ ಕೊಡುತ್ತಿದ್ದಳು. ದಂತದ ತುಂಡನ್ನು ಕೈಗೆತ್ತಿಕೊಂಡ ಕೆತ್ತನೆಗಾರನು ಇದರಲ್ಲಿ ಇಂಥದನ್ನೇ ಮಾಡುತ್ತೇನೆಂದು ಹಟ ಹಿಡಿಯುವುದಿಲ್ಲ. ಒಳಗೆ ಯಾವ ರೂಪ ಅಡಗಿದೆಯೆಂದು ತಿರುಗಿಸಿ ತಿರುಗಿಸಿ ನೋಡುತ್ತಾನೆ. ಮೊದಲೇ ಕಟ್ಟಿಕೊಂಡ ಕಥೆಯನ್ನು ಜನರ ಮೇಲೆ ಹೇರದೆ ಕಾಯುವುದೇ ಈತನ ಮಾರ್ಗವೆಂದು ಆಕೆಯ ಅಭಿಪ್ರಾಯ. ಗ್ರಿಯರ್ಸನ್ನಾಗಲಿ ಹಾಲಿವುಡ್ಡಾಗಲಿ ಈತನಿಗೆ ಗುರುವಲ್ಲ. ಗುರುಗಳಾದವರು ಆತ ಯಾರ ಚಿತ್ರ ತೆಗೆದನೋ ಅವರೇ.

ಗುರುಗಳ ಋಣ ತೀರಿತೆ? ಈ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ಈ ಬರಹ ಬರಿಯ ಹೊಗಳಿಕೆಯಾದೀತು. ನಾನೂಕನ ಚಿತ್ರದಲ್ಲಿ ನೈಲಾ ಎಂಬ ಹೆಸರಿನಿಂದ ಕಾಣಿಸಿಕೊಂಡ ಮ್ಯಾಗಿ ನುಜಾರ್ಲುಕ್ಟುಕ್ ಎಂಬ ಇನುಯಿಟ್ ಹೆಣ್ಣುಮಗಳಿಗೆ, ಫ್ಲಾಹರ್ಟಿ ಆ ಊರು ಬಿಟ್ಟ ಮೇಲೆ, ಆತನಿಂದಾದ ಗಂಡುಮಗು ಹುಟ್ಟಿತು. ಜೋಸೆಫಿ ಎಂಬ ಆ ಮಗ ತಂದೆಯ ಮುಖವನ್ನು ಎಂದೂ ಕಾಣಲಿಲ್ಲ. ತಂದೆಯೂ ಮತ್ತೆ ಆ ಕಡೆ ಹೋಗಲಿಲ್ಲ. 1950ರ ದಶಕದಲ್ಲಿ ಕೆನಡಾ ಸರ್ಕಾರವು ಇನುಕ್ಜುವಾಕಿನ ಹಲವು ಸಂಸಾರಗಳನ್ನು ಸುಮಾರು 2,000 ಕಿಲೋಮೀಟರು ಉತ್ತರಕ್ಕೆ, ತಿಂಗಳುಗಟ್ಟಲೆ ಸೂರ್ಯನೇ ಕಾಣದ ಗಡಿನೆಲಕ್ಕೆ ಸಾಗಿಸಿತು. 1955ರಲ್ಲಿ ಹೋದವರಲ್ಲಿ ಜೋಸೆಫಿಯ ಸಂಸಾರವೂ ಒಂದು. ಆ ಜನ ಪಟ್ಟ ಪಾಡಿಗೆ ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಹಸಿವು ಹಿಮಗಳನ್ನು ಗೆದ್ದು ನಗುವ ನಾನೂಕನನ್ನು ತೆರೆಯ ಮೇಲೆ ನೋಡಿದ ಜಗತ್ತು, ಆ ಹಿಮದಲ್ಲಿ ನಿಜವಾಗಿ ನಡುಗುತ್ತಿದ್ದ ಅವನ ಊರಿನವರನ್ನು ಅಷ್ಟು ಕಾಲ ನೋಡಲಿಲ್ಲ. ಹೊಲೆಯಿಸಿದ ಕಥೆ ಸುಂದರವಾದಷ್ಟೂ ಹಿಂದಿನ ಬಾಳು ಮರೆಯಾಗುವ ಅಪಾಯ ಹೆಚ್ಚು.

ಹೀಗಿದ್ದೂ ಆತನ ಚಿತ್ರಗಳನ್ನು ಸುಳ್ಳೆಂದು ತಳ್ಳಿಬಿಡಲು ನಾನು ಒಪ್ಪಲಾರೆ. ಸಂಸಾರ ಹೊಂದಿಸಿದ್ದು, ಈಟಿ ಹಿಡಿಸಿದ್ದು ಎಲ್ಲ ನಿಜ. ಆದರೆ ಹಿಮವನ್ನು ಕೊಯ್ದ ಕೈ ನಿಜ, ತೊಗಟೆಯನ್ನು ಬಡಿದ ಕೈ ನಿಜ, ಆನೆಯ ಕಿವಿಯ ಹಿಂದೆ ಆಡಿದ ಕಾಲು ನಿಜ. 1975ರಲ್ಲಿ ಆತನ ಮಗಳು ಮೋನಿಕಾ ಮೂಕಿಯಾಗಿದ್ದ ‘ಮೊವಾನಾ’ಕ್ಕೆ ಧ್ವನಿ ಸೇರಿಸಲೆಂದು ಸವಾಯಿ ದ್ವೀಪಕ್ಕೇ ಹೋಗಿ, ಅಲ್ಲಿನವರ ಮಾತು ಹಾಡುಗಳನ್ನು ಮುದ್ರಿಸಿಕೊಂಡು ಬಂದಳು. ತಂದೆ ಬಿಟ್ಟುಹೋದ ಕೆಲಸದಲ್ಲಿ ಒಂದು ಪಾಲನ್ನಾದರೂ ಮಗಳು ಆ ಜನರ ಬಳಿಗೇ ಹಿಂದಿರುಗಿ ಪೂರ್ತಿಮಾಡಿದಂತಾಯಿತು.

ಇಂದು ಪ್ರತಿ ವಿದ್ಯಾರ್ಥಿಯ ಜೇಬಿನಲ್ಲೂ ಚಿತ್ರ ತೆಗೆಯುವ ಫೋನು ಇದೆ. ಫ್ಲಾಹರ್ಟಿ ಆರಡಿ ಮಂಜನ್ನು ಕೊರೆದು ಪಡೆದುದನ್ನು ನಾವು ಬೆರಳ ತುದಿಯಲ್ಲಿ ಪಡೆಯುತ್ತೇವೆ. ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗು ಹಚ್ಚುವವರು, ಬೀದರಿನಲ್ಲಿ ಬಿದರಿಯ ಮೇಲೆ ಬೆಳ್ಳಿ ಕೂರಿಸುವವರು, ಇಳಕಲ್ಲಿನ ನೇಕಾರರು, ನಮ್ಮ ಊರಿನ ಕುಂಬಾರರು, ತಮಟೆ ಕಟ್ಟುವವರು ಇನ್ನೂ ಇದ್ದಾರೆ. ಮಿತ್ರರೇ, ರಜೆಯಲ್ಲಿ ಅವರ ಬಳಿಗೆ ಹೋಗಿರಿ. ಹೋದ ದಿನವೇ ಚಿತ್ರ ತೆಗೆಯಬೇಡಿರಿ. ಕೈಯ ನಡೆ ನಿಮಗೆ ಬಾಯಿಪಾಠವಾಗುವವರೆಗೆ ಕುಳಿತು ನೋಡಿರಿ. ತೆಗೆದುದನ್ನು ಮೊದಲು ಅವರಿಗೇ ತೋರಿಸಿರಿ. ಇಷ್ಟನ್ನು ಫ್ಲಾಹರ್ಟಿಯಿಂದ ಕಲಿಯಬಹುದು. ಆತ ಮಾಡದೆ ಬಿಟ್ಟ ಎರಡು ಕೆಲಸಗಳನ್ನು ನಾವು ಸೇರಿಸಿಕೊಳ್ಳೋಣ: ಅವರ ನಿಜವಾದ ಹೆಸರನ್ನು ಕೇಳಿ ಬರೆದುಕೊಳ್ಳುವುದು, ಮತ್ತು ಚಿತ್ರ ಮುಗಿದ ಮೇಲೂ ಒಮ್ಮೆ ಅವರ ಬಾಗಿಲಿಗೆ ಹೋಗಿ ಬರುವುದು.